ಬಿಸಿಲು ತಡೆಯುವ ಶಾಯಿ

“ನನ್ನ ಮಗ ಯಾವತ್ತರ ಕುದರಿ ಹತ್ತಿದ್ದನೇನು?”

ಹಾಲವ್ವ ಕೇಳಿದ್ದು ಗಂಡನನ್ನು. ಲಗಮಣ್ಣ ತಲೆಗೆ ಪಟಗಾ ಸುತ್ತಿಕೊಂಡು, ಜತ್ತಿನ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದ. ಅಕ್ಕಸಾಲಿಗನಿಗೆ ಟಾಕು ಹೇಳಿ ಬರುವುದಿತ್ತು.

ಟಾಕು ಎಂದರೆ ಅಂಗೈಯಲ್ಲಿ ಅಡಗುವಷ್ಟು ತೆಳ್ಳನೆಯ ಬೆಳ್ಳಿ ತಗಡು. ಮನೆಯ ಗಂಡಸು ಸತ್ತರೆ ಅವನ ಹೆಸರಿನಲ್ಲಿ ಅದರ ಮೇಲೊಬ್ಬ ಕುದುರೆ ಸವಾರನನ್ನು ಮೂಡಿಸಿ, ಹಿರಿಯರಿಗೆ ಎಡೆ ಇಡುವ ಮಾನಾಮಿ ಅಮಾಸಿಯ ದಿನ ದೇವರ ಜಗಲಿಗೆ ಏರಿಸುತ್ತಾರೆ. ಲಗಮಣ್ಣನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅಲ್ಲಿದ್ದಾರೆ. ಬದುಕಿದ್ದಾಗ ಕುರಿಗಳ ಹಿಂದೆ ನಡೆದು ಕಾಲು ಸವೆಸಿದವರು, ಸತ್ತ ಮೇಲೆ ಕುದುರೆ ಹತ್ತಿದ್ದಾರೆ. ಅಕ್ಕಸಾಲಿಗನ ಅಚ್ಚು ಒಂದೇ ಆದ್ದರಿಂದ ಎಲ್ಲರಿಗೂ ಒಂದೇ ಮೀಸೆ.

“ನಮ್ಮಪ್ಪ ಹತ್ತಿದ್ದನೇನು? ಪದ್ಧತಿ ಅಂದ್ರ ಪದ್ಧತಿ,” ಎಂದ ಲಗಮಣ್ಣ.

“ನನಗ ಅವನ ಮಾರಿ ಬೇಕು. ಕುದರಿ ಬ್ಯಾಡ.”

“ಮಾರಿ ಗ್ವಾಡಿ ಮ್ಯಾಲ ಐತಲ್ಲ, ಫೋಟೊದಾಗ.”

“ಗ್ವಾಡಿ ಮ್ಯಾಲಿನ ಫೋಟೊಕ್ಕ ನೀರ ಹಾಕಾಕ ಬರ್ತೈತೇನು? ಜಗಲಿ ಮ್ಯಾಲಿನವ್ರು ಮೈ ತೊಳಕೊಳ್ಳವ್ರು. ಧಾತು ಬೇಕು.” ಹಾಲವ್ವ ಒಲೆಯ ಕಡೆ ತಿರುಗಿದಳು. “ರೂಪಾಲಿ, ನೀ ಹೇಳ. ಅಂವ ಟಗರಿಂದು ಮಾಡಿದ್ನಲ್ಲ, ಹಂತಾದ್ದು ಅವಂದ ಯಾಕ ಆಗಬಾರದು?”

ಸೊಸೆ ರೂಪಾಲಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. “ನೋಡ್ತೀನ್ರಿ ಅತ್ತಿ,” ಎಂದಳು. ಯುಗಾದಿಯಿಂದೀಚೆಗೆ ಯಾರು ಏನು ಕೇಳಿದರೂ ಅವಳು ಹೇಳುತ್ತಿದ್ದುದು ಇದೊಂದೇ ಮಾತು. ಹೇಳಿದರೆ ಜನ ಸುಮ್ಮನಾಗುತ್ತಿದ್ದರು. ಈ ಸಲ ಹಾಲವ್ವ ಸುಮ್ಮನಾಗಲಿಲ್ಲ. ಗಂಡನ ಕೈಯಿಂದ ಚೀಲ ಕಸಿದು ಗೂಟಕ್ಕೆ ಹಾಕಿ, “ಕೇಳಿದ್ಯಲ್ಲ? ನೋಡ್ತಾಳಂತ,” ಎಂದಳು.

“ನೋಡ್ಲಿ. ಅಮಾಸಿ ಹತ್ತರ ಬಂತು ಅಂದ್ರ ನಾ ಯಾರ ಮಾತೂ ಕೇಳಾಂವಲ್ಲ.”

ರೂಪಾಲಿಯ ಗಂಡ ಮಹಾಂತ ಜತ್ತಿನಲ್ಲಿ ಸ್ಟುಡಿಯೊ ಇಟ್ಟಿದ್ದ. ಮದುವೆ, ಬಸುರಿಯರ ಕುಬಸ, ಮತ್ತೆ ಟಗರು. ಮಾಡಗ್ಯಾಳದ ಟಗರಿಗೆ ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಮೂಗು ನೋಡಿ ಬೆಲೆ. ಮಾರುವವರು ಆ ಮೂಗಿನ ಫೋಟೊ ತೆಗೆಸಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದರ ನಡುವೆ ಪುಣೆಗೆ ಹೋಗಿ ಪ್ಲಾಟಿನಮ್ ಪ್ರಿಂಟು ಮಾಡುವುದನ್ನು ಕಲಿತು ಬಂದ. ಹತ್ತಿಯ ಕಾಗದಕ್ಕೆ ದ್ರಾವಣ ಬಳಿದು ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯುವುದು. ಬಿಸಿಲು ತಾಗಿದಲ್ಲೆಲ್ಲ ಲೋಹ ಕಪ್ಪಾಗಿ ಕಾಗದದ ನಾರಿನೊಳಗೆ ಕೂತುಬಿಡುತ್ತದೆ. ಮೊದಲ ಪ್ರಿಂಟು ಅಪ್ಪನ ಟಗರು ಸರ್ದಾರನದು. “ಯವ್ವಾ, ಇದು ಶಾಯಿ ಅಲ್ಲ, ಧಾತು. ಬಂಗಾರದ ಬಳಗ,” ಎಂದು ತಾಯಿಯ ಮುಂದೆ ಜಂಬ ಕೊಚ್ಚಿದ.

ಹಾಲವ್ವ ಆ ಮಾತನ್ನು ಹಾಗೇ ನಂಬಿದಳು. ಟಗರನ್ನು ಒಯ್ದು ಟಾಕುಗಳ ಸಾಲಿನಲ್ಲಿ ನಿಲ್ಲಿಸಿದಳು. ದೇವರು ತೊಳೆಯುವ ದಿನ ಬಂದಾಗ ಮಾವ, ಅಜ್ಜಮಾವ, ಟಗರು ಎಲ್ಲರನ್ನೂ ಹುಣಸೆಹುಳಿಯಲ್ಲಿ ಅದ್ದಿದಳು. ಮಗನ ಸ್ಟುಡಿಯೊದ ಫೋಟೊ ಎಲ್ಲವೂ ಧಾತುವೇ ಇರಬೇಕೆಂದು ಮಗ ಸೊಸೆಯ ಮದುವೆ ಫೋಟೊವನ್ನೂ ಚೌಕಟ್ಟಿನಿಂದ ಬಿಚ್ಚಿ ಅದೇ ತಾಟಿಗೆ ಹಾಕಿದಳು. ಟಗರು ಮೂಗಿನ ಸಮೇತ ಹಾಗೇ ಉಳಿಯಿತು. ರೂಪಾಲಿಯ ಹಸಿರು ಸೀರೆ ಮಾತ್ರ ಮಹಾಂತನ ಮುಖದ ಮೇಲೆ ಹರಿದು, ಇಬ್ಬರೂ ಹುಳಿನೀರಿನಲ್ಲಿ ಕಲೆತು ಹೋದರು. ಮಹಾಂತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಟಗರ ಉಳೀತು, ನಾವಿಬ್ಬರೂ ಹೋದ್ವಿ! ತಡಿ, ನಮ್ಮದೂ ಧಾತುದಾಗ ಮಾಡ್ತೀನಿ.”

ಮಾಡಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ, ಉಮದಿ ರಸ್ತೆಯಲ್ಲಿ, ದೀಪವಿಲ್ಲದೆ ನಿಂತಿದ್ದ ಟೆಂಪೊಗೆ ಹೋಗಿ ಬಡಿದ.

ಸರ್ದಾರನ ಚಿತ್ರಕ್ಕೆ ಮಾತ್ರ ದಿನಾ ಕುಂಕುಮ ಬೀಳುತ್ತಲೇ ಇತ್ತು. “ಹೊರಗ ಹಿಕ್ಕಿ ಹಾಕ್ತಾನ, ಒಳಗ ಪೂಜಿ ಮಾಡಿಸ್ಕೊತಾನ,” ಎಂದು ಲಗಮಣ್ಣ ಗೊಣಗುತ್ತಿದ್ದ.

ರೊಟ್ಟಿ ಮುಗಿಸಿ ರೂಪಾಲಿ ಹಿತ್ತಿಲ ಕೋಣೆಯ ಚಿಲಕ ತೆಗೆದಳು. ಅಷ್ಟು ದಿನ ತೆಗೆದಿರಲಿಲ್ಲ. ಗಾಜಿನ ಚೌಕಟ್ಟು, ಬಳಿಯುವ ಕುಂಚ, ಹನಿ ಎಣಿಸುವ ಪಿಪೆಟ್ಟು ಎಲ್ಲ ಅವನಿಟ್ಟಲ್ಲೇ ಇದ್ದವು. ಅವಳು ವಿಜಯಪುರದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡಿದವಳು, ಹನಿ ಎಣಿಸುವ ಕೆಲಸ ಅವಳದೇ ಆಗಿತ್ತು. ಕಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಒಂದು ಹಾಳೆಗೆ ಆಗುವಷ್ಟು ಪ್ಲಾಟಿನಮ್ ಉಳಿದಿತ್ತು. ಮತ್ತೆ ತರಿಸಿದರೆ ಅದು ಬರುವುದು ಅಮಾವಾಸ್ಯೆ ಕಳೆದು ಎಷ್ಟೋ ದಿನಕ್ಕೆ. ಈ ಹಾಳೆ ಕೆಟ್ಟರೆ ಜಗಲಿಯ ಮೇಲೆ ಕುದುರೆ.

ಯಾವ ಚಿತ್ರ ಎಂಬುದಕ್ಕೆ ಹುಡುಕಬೇಕಾಗಿರಲಿಲ್ಲ. ಊರೆಲ್ಲರ ಫೋಟೊ ತೆಗೆದವನದು ಇದ್ದದ್ದೇ ಒಂದೆರಡು. ಒಂದು ರೂಪಾಲಿ ತೆಗೆದದ್ದು: ಮೋಟಾರು ಸೈಕಲ್ಲಿನ ಮೇಲೆ, ಎದೆಗೆ ಒಂದು ಕುರಿಮರಿ ಒತ್ತಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಬಾಯಿ ಅರ್ಧ ತೆರೆದು ಕೂತಿದ್ದಾನೆ. ಚಿತ್ರ ಸ್ವಲ್ಪ ವಾಲಿದೆ. “ಡೊಂಕ ಹಿಡದೀ,” ಎಂದು ಅವನು ಅನ್ನುತ್ತಿದ್ದಾಗ ಒತ್ತಿದ್ದು.

ಅದು ಕಂಪ್ಯೂಟರಿನಲ್ಲಿತ್ತು. ಅದನ್ನು ತಿರುವುಮುರುವು ಮಾಡಿ, ಕಪ್ಪನ್ನು ಬಿಳುಪಾಗಿ ಬಿಳುಪನ್ನು ಕಪ್ಪಾಗಿ, ಪಾರದರ್ಶಕ ಹಾಳೆಯ ಮೇಲೆ ಪ್ರಿಂಟರಿನಲ್ಲಿ ತೆಗೆದರೆ ನೆಗೆಟಿವ್. ಶಾಯಿ ಇದ್ದಲ್ಲಿ ಬಿಸಿಲು ನಿಲ್ಲಬೇಕು, ಇಲ್ಲದಲ್ಲಿ ಹಾಯಬೇಕು. ಎಲ್ಲ ನಿಂತಿರುವುದು ಶಾಯಿಯ ಮೇಲೆ.

“ವಾರಕ್ಕೊಮ್ಮಿ ಒಂದ ಹಾಳಿ ತೆಗಿಯಾಕ ಬೇಕು. ಇಲ್ಲಾಂದ್ರ ಇದರ ಬಾಯಿ ಒಣಗತೈತಿ,” ಎಂದು ಮಹಾಂತ ತನ್ನ ಪ್ರಿಂಟರನ್ನು ತಟ್ಟಿ ಹೇಳುತ್ತಿದ್ದ. ಅದರ ಬಾಯಿ ಒಣಗಿತ್ತು. ಗುಂಡಿ ಒತ್ತಿದರೆ ನರಳಿ ನರಳಿ ಒಂದು ಪರೀಕ್ಷೆಯ ಹಾಳೆ ಉಗುಳಿತು. ಒಂದೊಂದು ಬಣ್ಣಕ್ಕೆ ಒಂದೊಂದು ಸಾಲು ಗೆರೆ ಬರಬೇಕು. ಕಪ್ಪಿನ ಜಾಗ ಖಾಲಿ, ಬೂದುಬಣ್ಣದ ಜಾಗ ಖಾಲಿ, ಅಲ್ಲಲ್ಲಿ ಮುರಿದ ನಾಲ್ಕು ಕೆಂಪು ಗೆರೆ. ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಮತ್ತೆ ಒತ್ತಿದಳು. ಕಪ್ಪು ಬರಲಿಲ್ಲ. ಹಾಳೆಯನ್ನು ಮಡಚಿ ಪ್ರಿಂಟರಿನ ಕೆಳಗೆ ತುರುಕಿ, ಮೇಲೆ ಅವನ ಹಳೆಯ ಟವೆಲು ಹೊದಿಸಿದಳು. ಹೊಸ ಪ್ರಿಂಟರು ನೋಡಬೇಕಾಯಿತು.

ಜತ್ತಿನಲ್ಲಿ ಸೋಮಲಿಂಗನ ಅಂಗಡಿ. ಝೆರಾಕ್ಸು, ದಾಖಲೆ, ಸಾಲಿ ಹುಡುಗರ ಫಾರ್ಮು, ಪಕ್ಕದಲ್ಲೇ ಪ್ರಿಂಟರು ಮಾರಾಟ. ಅವನು ಮಹಾಂತನ ಗೆಳೆಯ.

“ಬರ್ರಿ ವೈನಿ, ಕುಂದ್ರಿ.” ಕುರ್ಚಿ ಒರೆಸಿದ. ಅವಳು ವಿಷಯ ಹೇಳಿದಾಗ ಅವನು ಒಂದು ಪ್ರಿಂಟರಿನ ಬೆನ್ನು ತಟ್ಟಿದ. “ಇದನ್ನ ತೊಗೊಂಡು ಹೋಗ್ರಿ. ಅರ್ಧ ತಾಲೂಕಿನ ಸಾತಬಾರಾ, ಹೊಲದ ಕಾಗದ ಎಲ್ಲಾ ಇದರ ಹೊಟ್ಟ್ಯಾಗಿಂದ ಹೊರಗ ಬಂದಾವ. ಒಮ್ಮೆನೂ ಬ್ಯಾನಿ ತಿಂದಿಲ್ಲ.”

“ಸಾತಬಾರಾಕ್ಕ ಬಿಸಲ ತಡಿಯೂ ಕೆಲಸ ಇಲ್ಲಲ್ರಿ.”

“ಬಿಸಲ? ಪ್ರಿಂಟರಿಗ್ಯಾಕ ಬಿಸಲ?” ಸೋಮಲಿಂಗ ತಲೆ ಕೆರೆದುಕೊಂಡ. “ಅಂವನೂ ಹಿಂಗಽ ಏನರ ಕೇಳಾಂವ. ನೀವೂ ಸುರು ಮಾಡಿದ್ರಿ.” ಆಮೇಲೆ ಚಹಾಕ್ಕೆ ಕೂಗಿದ.

ಅವಳು ತಂದ ಪಾರದರ್ಶಕ ಹಾಳೆಯ ಮೇಲೆ ಅವನು ನೆಗೆಟಿವ್ ತೆಗೆದುಕೊಟ್ಟ. ಕರ್ರಗೆ, ಇದ್ದಿಲಿನಂತೆ ಬಂತು. “ನೋಡ್ರಿ ಕಪ್ಪು! ಅಮಾಸಿ ಕತ್ತಲಿ ಇದರ ಮುಂದ ಏನೂ ಅಲ್ಲ.”

ಮನೆಗೆ ಬಂದು, ಬಿಸಿಲು ತಾಗಿದಲ್ಲಿ ನೀಲಿಯಾಗುವ ಮದ್ದು ಕಾಗದಕ್ಕೆ ಬಳಿದು ಪರೀಕ್ಷೆ ಮಾಡಿದಳು. ಮಹಾಂತನೂ ಹಾಗೇ ಮಾಡುತ್ತಿದ್ದ. ಪ್ಲಾಟಿನಮ್ ದುಬಾರಿ, ನೀಲಿ ಮದ್ದು ಅಗ್ಗ, ಎರಡಕ್ಕೂ ಬೇಕಾದದ್ದು ಒಂದೇ ಬಿಸಿಲು. ಅಂಗಳದಲ್ಲಿ ಚೌಕಟ್ಟು ಇಟ್ಟು, ಹೊತ್ತು ನೋಡಿ ತೆಗೆದು, ನೀರಿಗೆ ಹಾಕಿದಳು. ಮಹಾಂತನ ಮುಖ, ಮರಿ, ಹಿಂದಿನ ಜೋಳದ ಹೊಲ ಎಲ್ಲ ಒಂದೇ ನೀಲಿ. ಕಣ್ಣಿಗೆ ಕಪ್ಪಾಗಿದ್ದ ಶಾಯಿ ಬಿಸಿಲಿಗೆ ಜಾಳು ಬಟ್ಟೆಯಾಗಿತ್ತು.

“ಕೃಷ್ಣಪರಮಾತ್ಮ ಆಗ್ಯಾನಲ್ಲ,” ಎಂದಳು ಹಾಲವ್ವ ಇಣುಕಿ.

ಝೆರಾಕ್ಸಿನಂಥ ಲೇಸರ್ ಪ್ರಿಂಟರಿನದೂ ಆಯಿತು. ಅದರಲ್ಲಿ ಮುಖದ ತುಂಬ ಸೂಜಿತೂತು, ಸಿಡುಬು ಎದ್ದವನಂತೆ. ಕೊನೆಗೆ ಸಾಂಗಲಿಗೆ ಹೋದಳು. ದೊಡ್ಡ ಅಂಗಡಿ, ದೊಡ್ಡ ಯಂತ್ರ. ಅದರ ಶಾಯಿ ನೀರಿನಂತೆ ಕರಗುವ ಬಣ್ಣವಲ್ಲ, ಅರೆದ ಬಣ್ಣದ ಪುಡಿ ತೇಲುವಂಥದ್ದು. ಮಹಾಂತನದೂ ಅದೇ ಜಾತಿಯದಾಗಿತ್ತು. ಅಂಗಡಿಯವನು ಮರಾಠಿಯಲ್ಲಿ ನಯವಾಗಿ ಮಾತಾಡಿ ಒಂದು ಮಾದರಿ ತೆಗೆದುಕೊಟ್ಟ. ಮನೆಯ ಅಂಗಳದಲ್ಲಿ ಅದು ಪಾಸಾಯಿತು: ಹಣೆ ಬೇರೆ, ಮೂಗಿನ ನೆರಳು ಬೇರೆ, ಮೀಸೆ ಬೇರೆ. ನಾಲ್ಕು ಬೆರಳಗಲದ ತುಂಡಿನಲ್ಲಿ ಮಹಾಂತ ಕಣ್ಣು ಕಿರಿದು ಮಾಡಿ ನೋಡಿದ. ಆದರೆ ಹಾಳೆಯ ಪೂರ್ತಿ ಅಳತೆಗೆ ಬೇರೆಯವರ ನೆಗೆಟಿವ್ ತೆಗೆದುಕೊಡಲು ಅಂಗಡಿಯವನು ಒಪ್ಪಿರಲಿಲ್ಲ. ಯಂತ್ರ ಕೊಳ್ಳಬೇಕು.

“ಎಷ್ಟಂತ?” ಎಂದ ಲಗಮಣ್ಣ.

ಅವಳು ಹೇಳಿದಳು. ಅವನು ಎದ್ದು ಹೊರಗೆ ಹೋದ.

ಮರುದಿನ ಬೆಳಗ್ಗೆ ರೂಪಾಲಿ ನೋಡುತ್ತಾಳೆ, ಮಾವ ಸರ್ದಾರನ ಮೈ ತೊಳೆದು, ಕೊರಳಿಗೆ ಹೊಸ ಗೊಂಡೆ ಕಟ್ಟುತ್ತಿದ್ದಾನೆ. ಅವತ್ತು ಸಂತೆ.

“ಮಾವಾ, ಬ್ಯಾಡ್ರಿ.”

“ಟಗರ ಮತ್ತ ಹುಟ್ತೈತಿ,” ಎಂದ ಲಗಮಣ್ಣ. ಟಗರಿನ ಮೂಗು ಸವರಿದ. “ಕುದರಿ ಮ್ಯಾಲ ಕುಂದರಸ್ತೀನಿ ಅಂದದ್ದು ನಾನ. ನನಗ ಮಾತ್ರ ಅವನ ಮಾರಿ ಬ್ಯಾಡಾಗೇತೇನು?”

ಈ ಸಲ ರೂಪಾಲಿ ನೋಡ್ತೀನ್ರಿ ಎನ್ನಲಿಲ್ಲ. ಟಗರು ಹೋಗುವುದಾದರೆ ಸುಮ್ಮನೆ ಹೋಗಬಾರದು ಎಂದುಕೊಂಡು, ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಒಂದೇ ಚೌಕಟ್ಟಿನಲ್ಲಿ ಜತ್ತಿನ ನೆಗೆಟಿವನ್ನೂ ಸಾಂಗಲಿಯದನ್ನೂ ಅಕ್ಕಪಕ್ಕ ಇಟ್ಟು, ಕೆಳಗೆ ನೀಲಿ ಹಚ್ಚಿದ ಕಾಗದ ಹಾಸಿ, ಮೇಲೆ ಗಾಜು ಮುಚ್ಚುವ ಮುಂಚೆ ನೀರಿನ ತಾಟು ತರಲು ಒಳಗೆ ಹೋದಳು.

ಹಾಲವ್ವ ಪೂಜೆ ಮುಗಿಸಿ ಬಂದಳು. ಕೈಯಲ್ಲಿ ಭಂಡಾರದ ಬಟ್ಟಲಿತ್ತು, ದೇವರ ಅರಿಶಿನ. ಆ ಮನೆಯಲ್ಲಿ ಹೊಸದೇನು ಬಂದರೂ, ಕೊಡಲಿಯಾಗಲಿ ಮೊಬೈಲಾಗಲಿ, ಮೊದಲು ಭಂಡಾರ ಹಚ್ಚದೆ ಮುಟ್ಟುವಂತಿಲ್ಲ. ಇಲ್ಲಿ ಮಗ ಇಬ್ಬರಾಗಿ ಮಲಗಿದ್ದಾನೆ. ಯಾರು ಚಲೋ ಕಪ್ಪಾಗಿದ್ದಾನೋ ಅವನೇ ಗಟ್ಟಿ ಎಂದು ಅವಳಿಗೆ ತೋರಿತು. ಜತ್ತಿನ ಮಹಾಂತನ ಹಣೆಯ ಮೇಲೆ ಒದ್ದೆ ಹೆಬ್ಬೆರಳು ಒತ್ತಿ ಒಳಗೆ ಹೋದಳು.

ರೂಪಾಲಿ ಬಂದು ನೋಡಿದಳು. ಒರೆಸಲು ಹೋದರೆ ಶಾಯಿಯೂ ಬರುತ್ತದೆ. ಹೇಗೂ ಬೇಡವಾದ ನೆಗೆಟಿವ್, ಇರಲಿ ಎಂದು ಗಾಜು ಮುಚ್ಚಿ ಬಿಸಿಲಿಗೆ ತಿರುಗಿಸಿದಳು. ಅಷ್ಟರಲ್ಲಿ ಲಗಮಣ್ಣ ಟಗರಿನ ಹಗ್ಗ ಹಿಡಿದು ರಸ್ತೆಯ ಕಡೆ ನಡೆದ. ಸರ್ದಾರ ಬಾಗಿಲು ದಾಟುವಾಗ ಒಮ್ಮೆ ನಿಂತು, ಏನೋ ಮರೆತವನಂತೆ ಹಿಂದೆ ನೋಡಿ, ಹೋಯಿತು.

ಕಾಗದವನ್ನು ನೀರಿಗೆ ಹಾಕಿ ಅಲುಗಿಸಿದಳು. ಸಾಂಗಲಿಯ ಮಹಾಂತ ಮೊದಲಿನಂತೆಯೇ ಚಲೋ ಬಂದ. ಜತ್ತಿನವನು ಮತ್ತೆ ನೀಲಿ. ಆದರೆ ಆ ನೀಲಿಯ ನಡುವೆ, ಹಣೆಯ ಮೇಲೆ, ಹಾಲವ್ವನ ಹೆಬ್ಬೆರಳು ಬೆಳ್ಳಗೆ ಉಳಿದಿತ್ತು. ರೇಖೆ ರೇಖೆಯೂ ಕಾಣುತ್ತಿತ್ತು. ಸಾಂಗಲಿಯ ಯಂತ್ರ ಕೊಟ್ಟ ಬಿಳುಪಿಗಿಂತ ಬಿಳುಪು.

ರೂಪಾಲಿ ಕೈ ನೀರಿನಲ್ಲೇ ಬಿಟ್ಟು ಕೂತಳು. ನೇರಳೆಯ ಕಡೆಯ ಬೆಳಕನ್ನು ಹಳದಿ ಕುಡಿಯುತ್ತದೆ. ಈ ಕಾಗದಕ್ಕೆ ಗೊತ್ತಿರುವುದು ಆ ಬೆಳಕೊಂದೇ. ಕಣ್ಣಿಗೆ ಹಳದಿ ಎಂದರೆ ಏನೂ ಇಲ್ಲದ ಹಾಗೆ. ಬಿಸಿಲಿಗೆ ಅದು ಗೋಡೆ. ಬಿ.ಎಸ್ಸಿ.ಯಲ್ಲಿ ಓದಿದ್ದು, ಪರೀಕ್ಷೆಯಲ್ಲಿ ಬರೆದದ್ದು. ಇಷ್ಟು ದಿನ ಕಪ್ಪು, ಕಪ್ಪು ಎಂದು ಹುಡುಕಿಕೊಂಡು ಸಾಂಗಲಿಯವರೆಗೆ ಹೋಗಿ ಬಂದಿದ್ದಳು.

ಕೋಣೆಗೆ ಓಡಿದಳು. ಪ್ರಿಂಟರಿನ ಕೆಳಗಿನ ಹಾಳೆ ಎಳೆದು ಬಿಚ್ಚಿದಳು. ಕಪ್ಪಿನ ಜಾಗ ಖಾಲಿ, ಬೂದಿನ ಜಾಗ ಖಾಲಿ. ಕೊನೆಯ ಜಾಗವೂ ಖಾಲಿಯೇ ಎಂದು ಅವತ್ತು ಅಂದುಕೊಂಡಿದ್ದಳು. ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಓರೆಯಾಗಿ ಹಿಡಿದಳು. ಬಿಳಿಯ ಮೇಲೆ ಹಳದಿ, ಒಂದರ ಪಕ್ಕ ಒಂದು, ಒಂದೂ ಮುರಿಯದ ಗೆರೆಗಳು.

ಆಮೇಲೆ ನಡೆದದ್ದನ್ನು ಊರಿನವರು ಬಹಳ ದಿನ ಆಡಿಕೊಂಡರು. ಯುಗಾದಿಯಿಂದ ಹೊಸ್ತಿಲು ದಾಟಿದರೆ ತಲೆ ಎತ್ತದ ಸೊಸೆ, ಬರಿಗಾಲಲ್ಲಿ, ಕೈಯಲ್ಲೊಂದು ಖಾಲಿ ಹಾಳೆ ಬೀಸುತ್ತ, ಬಸ್ ಸ್ಟ್ಯಾಂಡಿನವರೆಗೆ ಓಡಿ ಬಂದಳು. ಟಗರಿನ ಮುಂಗಾಲು ಅದಾಗಲೇ ಪಿಕಪ್ಪಿನ ಮೇಲಿತ್ತು.

“ಹತ್ತಸಬ್ಯಾಡ್ರಿ ಮಾವಾ!”

“ಏನಾತ ಯವ್ವಾ? ಯಾರಿಗೇನಾತು?” ಲಗಮಣ್ಣನ ಮುಖ ಬಿಳಿಚಿತು.

“ಹಳದಿ ಐತ್ರಿ.”

“ಏನೈತಿ?”

“ಅವರ ಪ್ರಿಂಟರದಾಗ. ಹಳದಿ ಜೀವಂತ ಐತ್ರಿ. ಇವತ್ತೊಂದ ದಿನ ತಡೀರಿ.”

ಲಗಮಣ್ಣ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಸೊಸೆಯ ಮುಖ ಮಾತ್ರ ಕಂಡಿತು. “ಇಳಸ್ರೋ,” ಎಂದ ಪಿಕಪ್ಪಿನವನಿಗೆ. “ನಮ್ಮ ಟಗರ ಇವತ್ತ ಖಾಲಿ ಇಲ್ಲ.”

ನೆಗೆಟಿವ್ ಹಳದಿಯಲ್ಲೇ ಬಂತು. ಕೈಯಲ್ಲಿ ಹಿಡಿದರೆ ಮಹಾಂತ ಇದ್ದಾನೋ ಇಲ್ಲವೋ ಎಂಬಷ್ಟು ತಿಳಿ. ಹಾಲವ್ವ ನೋಡಿ, “ಇದರಾಗ ಯಾರೂ ಇಲ್ಲಲ್ಲ,” ಎಂದಳು. ನೀಲಿಯಲ್ಲಿ ಪರೀಕ್ಷೆ ಮಾಡಿದಾಗ ಮರಿಯ ಕಿವಿಯ ರೋಮ ಕೂಡ ಕಂಡಿತು. ರೂಪಾಲಿ ಒದ್ದೆ ಕಾಗದ ಹಿಡಿದುಕೊಂಡು ಕೋಣೆಯ ಬಾಗಿಲ ಕಡೆ ತಿರುಗಿದಳು. ಇದು ಅವನಿಗೂ ಗೊತ್ತಿರಲಿಲ್ಲ. ಹೇಳಿದ್ದರೆ ಮೊದಲು ನಂಬುತ್ತಿರಲಿಲ್ಲ, ಆಮೇಲೆ ಇಡೀ ಜತ್ತಿಗೆ ತನ್ನದೇ ಶೋಧ ಎಂದು ಹೇಳಿಕೊಂಡು ಬರುತ್ತಿದ್ದ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಕಂದು ಬಾಟಲಿ ತಂದಳು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಹನಿ ಎಣಿಸಿ, ಇದ್ದದ್ದನ್ನೆಲ್ಲ ಒಂದೇ ಹಾಳೆಗೆ ಬಳಿದಳು. ಒಣಗಿದ ಮೇಲೆ ಹಳದಿ ಮಹಾಂತನನ್ನು ಮೇಲಿಟ್ಟು ಗಾಜು ಬಿಗಿದು ಅಂಗಳಕ್ಕೆ ತಂದಳು. ಪಡುವಣದಲ್ಲಿ ಮೋಡವಿತ್ತು. ಲಗಮಣ್ಣ ಪಟಗಾ ತೆಗೆದು ಆಕಾಶ ನೋಡುತ್ತ ನಿಂತ, ಮೋಡವನ್ನು ಕುರಿಯಂತೆ ಆಚೆ ಹೊಡೆಯುವವನ ಹಾಗೆ. ಮೋಡ ಬಿಸಿಲಿಗೆ ಅಡ್ಡ ಬರದೆ ಅಲ್ಲೇ ಉಳಿಯಿತು. ಹೊತ್ತು ಮುಗಿದಾಗ ಅವಳು ಹಾಳೆಯನ್ನು ತಾಟಿನಲ್ಲಿಟ್ಟು, ಕಣ್ಣು ಮುಚ್ಚಿ, ಚಿತ್ರ ಮೂಡಿಸುವ ದ್ರಾವಣವನ್ನು ಒಂದೇ ಸಲಕ್ಕೆ ಸುರಿದಳು.

“ಬಂದ,” ಎಂದಳು ಹಾಲವ್ವ.

ರೂಪಾಲಿ ಕಣ್ಣು ತೆರೆದಳು. ಮೋಟಾರು ಸೈಕಲ್ಲು, ಮರಿ, ಕಿರಿದಾದ ಕಣ್ಣು, ಅರ್ಧ ತೆರೆದ ಬಾಯಿ. ಡೊಂಕು ಹಾಗೇ ಇತ್ತು.

ಕಾಗದದಲ್ಲಿ ಉಳಿದ ಮದ್ದಿನ ಹಳದಿ ಕಲೆ ಬಿಡಿಸಲು ಲಿಂಬಿಹುಳಿಯ ನೀರು. ಅದನ್ನು ಕೇಳಿ ಹಾಲವ್ವನಿಗೆ ನಗು ಬಂತು. “ನಿಮ್ಮ ಸಾಯನ್ಸಿನಾಗೂ ಧಾತು ಹುಳಿಲೇನ ತೊಳೀತೀರಿ?” ಸೆರಗು ಸಿಕ್ಕಿಸಿ ಕೂತಳು. “ನಾ ತೊಳೀಲ್ಯಾ?”

“ತೊಳೀರಿ ಅತ್ತಿ. ಮೆತ್ತಗ.”

ಹಾಲವ್ವ ಬೊಗಸೆಯಲ್ಲಿ ಹುಳಿನೀರು ತೆಗೆದು ಮಗನ ತಲೆಯ ಮೇಲಿಂದ ಬಿಟ್ಟಳು, ಎಣ್ಣೆ ಹಚ್ಚಿ ಎರೆಯುವಾಗ ಬಿಡುತ್ತಿದ್ದ ಹಾಗೆ. ನೀರು ಹಣೆಯಿಂದ ಹರಿದು ತಾಟಿಗೆ ಬಿತ್ತು. ಅವನು ಹರಿಯಲಿಲ್ಲ. ಲಗಮಣ್ಣ ಹೆಂಡತಿಯ ಭುಜದ ಮೇಲಿಂದ ಬಾಗಿ ಬಹಳ ಹೊತ್ತು ನೋಡಿದ.

“ಈಗರ ನೋಡ. ಎಷ್ಟ ಹಟ ಮಾಡಿದ್ರೂ ಕುದರಿ ಮ್ಯಾಲ ಕುಂತಾನಲ್ಲ ನಿನ್ನ ಮಗ,” ಎಂದು ಮೋಟಾರು ಸೈಕಲ್ಲಿನ ಕಡೆ ಬೆರಳು ಮಾಡಿದ.

ಹಾಲವ್ವ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಮಾವಾಸ್ಯೆಯ ದಿನ ಮಹಾಂತ ಜಗಲಿ ಏರಿದ. ಒಂದು ಕಡೆ ಒಂದೇ ಮೀಸೆಯ ಹಿರಿಯರು, ಇನ್ನೊಂದು ಕಡೆ ಸರ್ದಾರ. ಹಾಲವ್ವ ಭಂಡಾರದಲ್ಲಿ ಹೆಬ್ಬೆರಳು ಅದ್ದಿದಳು, ಮಗನ ಹಣೆಯ ಹತ್ತಿರ ಒಯ್ದು ತಡೆದಳು. ಸೊಸೆಯ ಕಡೆ ನೋಡಿದಳು. “ಕಲಿ ಆದೀತೇನು?”

ಕಲೆ ಆಗುತ್ತದೆ ಎಂದು ರೂಪಾಲಿಗೆ ಗೊತ್ತಿತ್ತು. ಹತ್ತಿಯ ಕಾಗದ, ಅರಿಶಿನ.

“ಹಚ್ರಿ ಅತ್ತಿ,” ಎಂದಳು. “ಬಿಸಲಿಗಿಟ್ರ ಅರಿಶಿಣ ಹೋಗ್ತೈತಿ.”